ಕೆಳಗಿಳಿ ಎನ್ನುವ ಗಾಳಿ, ಮೇಲೇರು ಎನ್ನುವ ನೀರು

2017ರ ಆಗಸ್ಟ್ 26, ಶನಿವಾರ. ಅಮೆರಿಕದ ಟೆಕ್ಸಸ್ ರಾಜ್ಯದ ಹ್ಯೂಸ್ಟನ್‌ಗೆ ಅಂಟಿಕೊಂಡಿರುವ ಮಿಸೌರಿ ಸಿಟಿಯ ಸಿಯೆನ್ನಾ ಬಡಾವಣೆಗೆ ಸುಂಟರಗಾಳಿ ಬಡಿದು ಹಲವು ಮನೆಗಳ ಛಾವಣಿ ಹಾರಿಹೋಯಿತು. ಎರಡು ದಿನ ಕಳೆಯುವುದರೊಳಗೆ ಅದೇ ಬಡಾವಣೆಗೆ ಇನ್ನೊಂದು ಆದೇಶ ಬಂತು: ಬ್ರಾಜೋಸ್ ನದಿ ಏರುತ್ತಿದೆ, ಮನೆ ಬಿಟ್ಟು ಹೊರಡಿ. ಮೊದಲು ಒಳಗೆ ಅಡಗಿ ಎಂದರು, ಆಮೇಲೆ ಹೊರಗೆ ನಡೆಯಿರಿ ಎಂದರು. ಎರಡೂ ಸರಿಯಾದ ಮಾತೇ. ಹಾರ್ವಿ ಚಂಡಮಾರುತದ ಆ ವಾರ ಹ್ಯೂಸ್ಟನ್ ಸುತ್ತಮುತ್ತಲಿನ ಜನ ಎದುರಿಸಿದ ನಿಜವಾದ ಕಷ್ಟ ಇದು. ಗಾಳಿಗೆ ಒಂದು ಬುದ್ಧಿ, ನೀರಿಗೆ ಅದರ ತದ್ವಿರುದ್ಧ ಬುದ್ಧಿ, ಎರಡೂ ಎಚ್ಚರಿಕೆಗಳು ಒಂದೇ ಫೋನಿನಲ್ಲಿ ಒಂದೇ ರಾತ್ರಿ.

ಕೇಟಿ, ಶುಗರ್‌ಲ್ಯಾಂಡ್, ಪೇರ್‌ಲ್ಯಾಂಡ್ ಕಡೆ ಕನ್ನಡದ ಮನೆಗಳು ಸಾಕಷ್ಟಿವೆ. ಊರಲ್ಲಿ ಹೊಳೆ ಉಕ್ಕಿದ್ದನ್ನು ಕಂಡವರಿಗೂ ಸುಂಟರಗಾಳಿಯ ಪರಿಚಯ ಇರುವುದಿಲ್ಲ. ಬೇಸಿಗೆಗೆಂದು ಊರಿಂದ ಬಂದ ಅಪ್ಪ ಅಮ್ಮ ಆಗಸ್ಟ್, ಸೆಪ್ಟೆಂಬರ್‌ವರೆಗೂ ಜೊತೆಗಿರುತ್ತಾರೆ, ಚಂಡಮಾರುತಗಳು ಬಲಿಯುವುದೂ ಅದೇ ತಿಂಗಳುಗಳಲ್ಲಿ. ಆದ್ದರಿಂದ ಯಾವ ಎಚ್ಚರಿಕೆಗೆ ಎಲ್ಲಿ ಹೋಗಬೇಕು, ನೀರು ಇಳಿದ ಮೇಲೆ ಮನೆಯನ್ನು ಹೇಗೆ ಉಳಿಸಿಕೊಳ್ಳಬೇಕು ಎಂಬುದನ್ನು ಮಳೆ ಶುರುವಾಗುವ ಮೊದಲೇ ಮನೆಯವರೆಲ್ಲ ಕೂತು ತೀರ್ಮಾನಿಸಿರಬೇಕು.

ಹಾರ್ವಿ ದಡ ಮುಟ್ಟಿದ್ದು ಆಗಸ್ಟ್ 25ರ ರಾತ್ರಿ, ರಾಕ್‌ಪೋರ್ಟ್ ಬಳಿ, ಗಂಟೆಗೆ ಸುಮಾರು 210 ಕಿಲೋಮೀಟರ್ ವೇಗದ ಗಾಳಿಯೊಂದಿಗೆ. ರಾಕ್‌ಪೋರ್ಟ್ ಹ್ಯೂಸ್ಟನ್‌ನಿಂದ ದೂರ. ಗಾಳಿಯ ಪೆಟ್ಟು ನಮಗಿಲ್ಲ ಎಂದು ಸಮಾಧಾನಪಟ್ಟವರಿಗೆ ಆಮೇಲೆ ಗೊತ್ತಾದದ್ದು ಬೇರೆ. ಚಂಡಮಾರುತವನ್ನು ತಳ್ಳಿಕೊಂಡು ಹೋಗುವ ಮೇಲಿನ ಗಾಳಿ ದುರ್ಬಲವಾಗಿ, ಅದು ದಿನಗಟ್ಟಲೆ ಹೆಚ್ಚುಕಡಿಮೆ ಅಲ್ಲಲ್ಲೇ ಸುತ್ತಾಡಿತು, ಕೊಲ್ಲಿಯ ಬೆಚ್ಚಗಿನ ನೀರನ್ನು ಹೀರಿ ಸುರಿಯುತ್ತಲೇ ಇತ್ತು. ನೆಡರ್‌ಲ್ಯಾಂಡ್ ಎಂಬ ಊರಲ್ಲಿ ಅಳೆದದ್ದು 60.58 ಇಂಚು, ಅಂದರೆ 1,539 ಮಿಲಿಮೀಟರ್. ಆಗುಂಬೆಯಲ್ಲಿ ಒಂದು ಮಳೆಗಾಲಕ್ಕೆ ಇದರ ಹಲವು ಪಟ್ಟು ಬೀಳುತ್ತದೆ, ಆದರೆ ಅಲ್ಲಿ ನೀರಿಗೆ ಘಟ್ಟದ ಇಳಿಜಾರಿದೆ. ಹ್ಯೂಸ್ಟನ್ ಅಂಗೈಯಷ್ಟು ಸಪಾಟು, ಕೆಳಗೆ ನೀರು ಇಂಗದ ಜೇಡಿಮಣ್ಣು. ಬಿದ್ದ ನೀರು ‘ಬಾಯೂ’ ಎಂದು ಕರೆಯುವ ನಿಧಾನಗತಿಯ ಹಳ್ಳಗಳಲ್ಲಿ ತೆವಳಿಕೊಂಡೇ ಸಮುದ್ರ ಸೇರಬೇಕು.

ಟೆಕ್ಸಸ್‌ನಲ್ಲಿ ಹಾರ್ವಿ ನೇರವಾಗಿ ಬಲಿ ತೆಗೆದುಕೊಂಡದ್ದು ಕನಿಷ್ಠ 68 ಜನರನ್ನು ಎಂದು ರಾಷ್ಟ್ರೀಯ ಚಂಡಮಾರುತ ಕೇಂದ್ರದ ವರದಿ ಹೇಳುತ್ತದೆ. ಅವರಲ್ಲಿ ಮೂವರನ್ನು ಬಿಟ್ಟರೆ ಉಳಿದವರೆಲ್ಲ ಸತ್ತದ್ದು ಮಳೆನೀರಿನ ಪ್ರವಾಹದಲ್ಲಿ. ಅದೇ ವಾರ ಹ್ಯೂಸ್ಟನ್ ಹವಾಮಾನ ಕಚೇರಿ 150ಕ್ಕೂ ಹೆಚ್ಚು ಸುಂಟರಗಾಳಿ ಎಚ್ಚರಿಕೆ ಕೊಟ್ಟಿತ್ತು. ಎರಡು ಅಪಾಯಗಳನ್ನು ತೂಗುವಾಗ ಈ ಲೆಕ್ಕ ತಲೆಯಲ್ಲಿರಲಿ. ಸುಂಟರಗಾಳಿಯ ಆಟ ನಿಮಿಷಗಳದ್ದು, ನೀರಿನದು ಗಂಟೆ ಮತ್ತು ದಿನಗಳದ್ದು. ಗಾಳಿಗಾಗಿ ಅಡಗಿದ ಜಾಗದಿಂದ ನೀರು ಬಂದಾಗ ಎದ್ದು ಹೋಗಲು ದಾರಿ ಇರಲೇಬೇಕು.

ಚಂಡಮಾರುತದ ಹೊಟ್ಟೆಯಲ್ಲಿ ಸುಂಟರಗಾಳಿ ಹುಟ್ಟುವ ಬಗೆ ತಿಳಿದಿದ್ದರೆ ಎಚ್ಚರಿಕೆ ಅಷ್ಟು ತಡವಾಗಿ ಯಾಕೆ ಬರುತ್ತದೆ ಎಂಬುದೂ ತಿಳಿಯುತ್ತದೆ. ಸಮುದ್ರದಿಂದ ನೆಲಕ್ಕೆ ಬಂದ ಗಾಳಿಯ ಕೆಳಪದರ ಮರ, ಮನೆಗಳಿಗೆ ಉಜ್ಜಿ ನಿಧಾನವಾಗುತ್ತದೆ. ಒಂದು ಕಿಲೋಮೀಟರ್ ಮೇಲಿನ ಗಾಳಿಗೆ ಆ ತಡೆ ಇಲ್ಲ, ಅದು ರಭಸದಲ್ಲೇ ಸಾಗುತ್ತದೆ. ಈ ವ್ಯತ್ಯಾಸದಿಂದ ನಡುವಿನ ಗಾಳಿ ನೆಲಕ್ಕೆ ಅಡ್ಡವಾಗಿ ಉರುಳತೊಡಗುತ್ತದೆ. ಮಳೆಪಟ್ಟಿಯ ಮೇಲ್ಮುಖ ಗಾಳಿ ಆ ಉರುಳನ್ನು ಎತ್ತಿ ನಿಲ್ಲಿಸಿದಾಗ ಸುಂಟರಗಾಳಿ. ಚಂಡಮಾರುತ ಸಾಗುವ ದಿಕ್ಕಿಗೆ ಮುಖ ಮಾಡಿ ನಿಂತರೆ ಬಲಗೈಯ ಮುಂಭಾಗದಲ್ಲಿ ಇದು ಹೆಚ್ಚು. ಹಾರ್ವಿ ಪಶ್ಚಿಮಕ್ಕೆ ನಿಂತು ಕಾಡಿದ್ದರಿಂದ ಹ್ಯೂಸ್ಟನ್ ದಿನಗಟ್ಟಲೆ ಆ ಪೂರ್ವ ಮಗ್ಗುಲಲ್ಲೇ ಸಿಕ್ಕಿಕೊಂಡಿತು. ಈ ಮೋಡಗಳು ಓಕ್ಲಹೋಮದ ಬಯಲಿನ ದೈತ್ಯ ಮೋಡಗಳಂತಲ್ಲ. ಗಿಡ್ಡ, ಕಿರಿದು, ರಾಡಾರ್‌ನಲ್ಲಿ ಸುತ್ತು ಕಂಡು ಮಾಯವಾಗಲು ಕೆಲವೇ ನಿಮಿಷ ಸಾಕು. ಮಳೆಯ ಪರದೆಯೊಳಗೇ ಇರುವುದರಿಂದ ಕಣ್ಣಿಗೆ ಬೀಳುವುದೂ ಅಪರೂಪ. ಕಿಟಕಿಯಲ್ಲಿ ನೋಡಿ ಆಮೇಲೆ ಅಡಗೋಣ ಎಂಬುದು ಇಲ್ಲಿ ನಡೆಯುವುದಿಲ್ಲ.

ಹೆಚ್ಚಿನವು ಸಣ್ಣವೇ, ಆದರೆ ಎಲ್ಲವೂ ಅಲ್ಲ. 2024ರ ಅಕ್ಟೋಬರ್ 9ರಂದು ಮಿಲ್ಟನ್ ಚಂಡಮಾರುತ ಫ್ಲಾರಿಡಾದ ಪಶ್ಚಿಮ ದಡ ಮುಟ್ಟುವುದಕ್ಕೆ ಗಂಟೆಗಳ ಮೊದಲೇ, ಪೂರ್ವ ದಡದ ಸೇಂಟ್ ಲೂಸಿ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ಸುಂಟರಗಾಳಿಗೆ ಆರು ಜನ ಸತ್ತರು. ಚಂಡಮಾರುತದ ಕಣ್ಣು ಎಲ್ಲಿದೆ ಎಂದು ನಕ್ಷೆ ನೋಡಿ ಅಪಾಯದ ದೂರ ಅಳೆಯಬಾರದು.

ಇನ್ನು ಎಚ್ಚರಿಕೆಗಳ ವಿಚಾರ. ‘ಟೊರ್ನೇಡೋ ವಾಚ್’ ಎಂದರೆ ಹತ್ತಾರು ಕೌಂಟಿಗಳಿಗೆ ಸೇರಿಸಿ ಹಲವು ಗಂಟೆಗಳಿಗೆ ಕೊಡುವ ಸೂಚನೆ, ವಾತಾವರಣ ಅದಕ್ಕೆ ತಯಾರಿದೆ ಎಂದು. ಅದು ಬಂದಾಗ ಬೂಟು ಹಾಕಿಕೊಂಡು ಫೋನು ಚಾರ್ಜ್ ಮಾಡಿಟ್ಟುಕೊಳ್ಳಿ. ‘ಟೊರ್ನೇಡೋ ವಾರ್ನಿಂಗ್’ ಎಂದರೆ ರಾಡಾರ್‌ನಲ್ಲಿ ಸುತ್ತು ಕಂಡಿದೆ, ಅಥವಾ ಯಾರೋ ಕಣ್ಣಾರೆ ನೋಡಿದ್ದಾರೆ. ಆಗ ತಕ್ಷಣ ಅಡಗಬೇಕು. ಇದು ಇಡೀ ಕೌಂಟಿಗಲ್ಲ, ನಕ್ಷೆಯ ಮೇಲೆ ಬರೆದ ಒಂದು ಸಣ್ಣ ಬಹುಭುಜಕ್ಕೆ, ಸಾಮಾನ್ಯವಾಗಿ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯವರೆಗೆ. ಫೋನು ಕಿರುಚಿದರೆ ಆ ಬಹುಭುಜದೊಳಗೆ ಅಥವಾ ಅದರ ಅಂಚಿನಲ್ಲಿ ನೀವಿದ್ದೀರಿ ಎಂದೇ ಅರ್ಥ.

ಪ್ರವಾಹದ ಎಚ್ಚರಿಕೆಯಲ್ಲಿ ಒಂದು ಸೂಕ್ಷ್ಮ ಇದೆ, ಬಹಳ ಜನರಿಗೆ ಗೊತ್ತಿಲ್ಲ. 2020ರ ಜನವರಿಯಿಂದ ‘ಫ್ಲ್ಯಾಶ್ ಫ್ಲಡ್ ವಾರ್ನಿಂಗ್’ಗಳಲ್ಲಿ ತೀವ್ರವಾದವು ಮಾತ್ರ ಫೋನಿಗೆ ಬರುತ್ತವೆ, ಸಾಮಾನ್ಯ ಮಟ್ಟದವು ಬರುವುದಿಲ್ಲ. ಫೋನು ಸುಮ್ಮನಿದೆ ಎಂದರೆ ರಸ್ತೆಯಲ್ಲಿ ನೀರಿಲ್ಲ ಎಂದಲ್ಲ. ಮಲಗುವ ಕೋಣೆಯಲ್ಲಿ ಬ್ಯಾಟರಿಯ ‘ನೋವಾ ವೆದರ್ ರೇಡಿಯೋ’ (ಸರ್ಕಾರಿ ಹವಾಮಾನ ಎಚ್ಚರಿಕೆಗಳನ್ನು ಬಿತ್ತರಿಸುವ ರೇಡಿಯೋ) ಇಡಬೇಕೆಂದು ಒತ್ತಾಯಿಸುವುದು ಇದಕ್ಕೇ. ಕೌಂಟಿಯ ಆರಂಕಿ ಸಂಖ್ಯೆ ಹಾಕಿಟ್ಟರೆ ನಿಮ್ಮ ಕೌಂಟಿಯ ಎಚ್ಚರಿಕೆಗೆ ಮಾತ್ರ ಅದು ಕೂಗುತ್ತದೆ. ಹ್ಯಾರಿಸ್ ಕೌಂಟಿಗೆ 048201, ಫೋರ್ಟ್ ಬೆಂಡ್‌ಗೆ 048157, ಬ್ರಜೋರಿಯಾಗೆ 048039. ಟವರ್ ಬಿದ್ದು ಫೋನು ಸತ್ತರೂ ರೇಡಿಯೋ ಮಾತಾಡುತ್ತದೆ. ಬ್ಯಾಟರಿಯನ್ನು ಜೂನ್ 1ಕ್ಕೆ, ಚಂಡಮಾರುತ ಋತುವಿನ ಮೊದಲ ದಿನವೇ, ಬದಲಿಸಿಬಿಡಿ.

ಮೂರನೇ ರಾತ್ರಿಯ ಹೊತ್ತಿಗೆ ಎಚ್ಚರಿಕೆಯ ಸದ್ದೇ ಬೇಸರ ತರಿಸುತ್ತದೆ. ನಿದ್ದೆಗೆಟ್ಟ ಮಕ್ಕಳು, ಮಂಡಿನೋವಿನ ಅತ್ತೆ, ಇಪ್ಪತ್ತನೇ ಸಲ ಕ್ಲೋಸೆಟ್‌ಗೆ (ಬಟ್ಟೆಬರೆ ಇಡುವ ಸಣ್ಣ ಕೋಣೆಗೆ) ಹೋಗಬೇಕೇ ಎಂಬ ಪ್ರಶ್ನೆ. ಹೋಗಬೇಕು. ಆದರೆ ಹೋಗುವುದನ್ನು ಸುಲಭ ಮಾಡಿಕೊಳ್ಳಬಹುದು: ವಾಚ್ ಇರುವ ರಾತ್ರಿ ಮಕ್ಕಳನ್ನು, ಹಿರಿಯರನ್ನು ಅಡಗುವ ಜಾಗದ ಬಾಗಿಲಲ್ಲೇ ಹಾಸಿಗೆ ಹಾಸಿ ಮಲಗಿಸಿ. ಒಬ್ಬರು ಎಚ್ಚರ, ಉಳಿದವರಿಗೆ ನಿದ್ದೆ, ನಾಲ್ಕು ಗಂಟೆಗೊಮ್ಮೆ ಪಾಳಿ ಬದಲು.

ಅಡಗುವ ಜಾಗ ಯಾವುದು? ಹ್ಯೂಸ್ಟನ್‌ನಲ್ಲಿ ನೆಲಮಾಳಿಗೆ ಇರುವುದೇ ಇಲ್ಲ ಎನ್ನಬಹುದು. ಕೆಳ ಅಂತಸ್ತಿನಲ್ಲಿ, ಕಿಟಕಿ ಇಲ್ಲದ, ಹೊರಗಿನ ಗೋಡೆಗೆ ತಾಗದ ಜಾಗ: ಮೆಟ್ಟಿಲ ಕೆಳಗಿನ ಕ್ಲೋಸೆಟ್, ನಡುಮನೆಯ ಬಚ್ಚಲು. ಗ್ಯಾರೇಜ್ ಬೇಡ, ಅದರ ದೊಡ್ಡ ಬಾಗಿಲೇ ಮೊದಲು ಒಳಕುಸಿಯುವುದು. ಒಳಗೆ ಮೊದಲೇ ಇಟ್ಟಿರಬೇಕಾದವು ಎಲ್ಲರ ಗಟ್ಟಿ ಬೂಟು, ಮಕ್ಕಳ ಸೈಕಲ್ ಹೆಲ್ಮೆಟ್, ಟಾರ್ಚ್, ಸೀಟಿ, ನೀರು, ದಿನದ ಔಷಧಿ. ಬೂಟು ಯಾಕೆಂದರೆ ಮನೆಗೆ ಪೆಟ್ಟು ಬಿದ್ದ ಮೇಲೆ ಗಾಜು, ಮೊಳೆಗಳ ಮೇಲೆ ನಡೆದೇ ಹೊರಬರಬೇಕು. ಹೆಲ್ಮೆಟ್ ಯಾಕೆಂದರೆ ಹಾರಿಬರುವ ವಸ್ತುಗಳ ಪೆಟ್ಟಿಗೆ ಮೊದಲು ಸಿಗುವುದು ತಲೆ. ಊರಿಂದ ಬಂದವರಿಗಾಗಿ ಆ ಬಾಗಿಲ ಒಳಮೈಗೆ ಕನ್ನಡದಲ್ಲೇ ದೊಡ್ಡಕ್ಷರದಲ್ಲಿ ಬರೆದು ಅಂಟಿಸಿ: ಈ ಸದ್ದು ಬಂದರೆ ಇಲ್ಲಿಗೆ, ಬಾಗಿಲು ಹಾಕಿ, ತಲೆ ಮುಚ್ಚಿಕೊಂಡು ಕುಳಿತುಕೊಳ್ಳಿ, ನೀರು ಕಂಡರೆ ಮಹಡಿಗೆ. ಮನೆಯಲ್ಲಿ ಹಿರಿಯರಿಬ್ಬರೇ ಇದ್ದ ಮಧ್ಯಾಹ್ನವೂ ಎಚ್ಚರಿಕೆ ಬರಬಹುದು.

ಎರಡೂ ಎಚ್ಚರಿಕೆ ಒಟ್ಟಿಗೆ ಇದ್ದಾಗ ನಮ್ಮ ಅಭಿಪ್ರಾಯ ಸ್ಪಷ್ಟ. ನೀರು ರಸ್ತೆಯಲ್ಲಿದೆ, ಇನ್ನೂ ಹೊಸ್ತಿಲು ಮುಟ್ಟಿಲ್ಲ ಎಂದಾದರೆ ಕೆಳಗಿನ ಕ್ಲೋಸೆಟ್ಟೇ ಸರಿ, ಒಬ್ಬರು ಮಾತ್ರ ಬಾಗಿಲ ಬುಡದ ಮೇಲೆ ಕಣ್ಣಿಡಬೇಕು. ನೀರು ಒಳಗೆ ಬಂತು ಎಂದರೆ ಒಣಗಿರುವ ಅತಿ ಕೆಳಗಿನ ಅಂತಸ್ತು, ಅಂದರೆ ಮಹಡಿಯ ಒಳಕೋಣೆ. ಅಪಾರ್ಟ್‌ಮೆಂಟಿನ ಮೂರನೇ ಮಹಡಿಯವರು ಎರಡನೇ ಮಹಡಿಯ ನೆರೆಯವರೊಂದಿಗೆ ಮೊದಲೇ ಮಾತಾಡಿಟ್ಟುಕೊಳ್ಳಲಿ. ಒಂದೇ ಅಂತಸ್ತಿನ ಮನೆಗೆ ಒಳ್ಳೆಯ ಉತ್ತರ ಇಲ್ಲ. ಅಲ್ಲಿರುವವರು, ಅದರಲ್ಲೂ ನಡೆಯಲಾಗದ ಹಿರಿಯರಿರುವವರು, ಮಳೆಗೆ ಒಂದು ದಿನ ಮುಂಚೆ ಎತ್ತರದ ಜಾಗದಲ್ಲಿರುವ, ಮಹಡಿಯಿರುವ ಸ್ನೇಹಿತರ ಮನೆಗೆ ಹೋಗುವುದು ಲೇಸು. ಇನ್ನೂರು ಮೈಲಿ ಓಡಬೇಕಿಲ್ಲ. 2005ರಲ್ಲಿ ರೀಟಾ ಚಂಡಮಾರುತಕ್ಕೆ ಹೆದರಿ ಹ್ಯೂಸ್ಟನ್ ಒಮ್ಮೆಲೇ ಖಾಲಿಯಾಗಲು ಹೊರಟು, ಬಿಸಿಲಲ್ಲಿ ಹೆದ್ದಾರಿಯ ಮೇಲೆ ನಿಂತ ವಾಹನಗಳಲ್ಲಿ, ಬೆಂಕಿ ಹತ್ತಿದ ಬಸ್ಸಿನಲ್ಲಿ, ಸುಮಾರು ನೂರು ಜನ ಸತ್ತರು. ಹಾರ್ವಿಗೆ ಇಡೀ ನಗರವನ್ನು ಖಾಲಿ ಮಾಡಿಸದಿರಲು ಆ ನೆನಪೂ ಒಂದು ಕಾರಣ.

ನೀರು ಏರುತ್ತಲೇ ಇದ್ದರೆ ಅಟ್ಟಕ್ಕೆ ಹತ್ತುವ ಆಸೆ ಹುಟ್ಟುತ್ತದೆ. ಕೊಡಲಿ ಇಲ್ಲದೆ ಅಟ್ಟ ಹತ್ತಬಾರದು. 2005ರ ಕತ್ರಿನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸ್‌ನ ಜನ ಅಟ್ಟ ಸೇರಿ, ಹೊರಗೆ ದಾರಿ ಇಲ್ಲದೆ ಅಲ್ಲೇ ಮುಳುಗಿದರು. ಅಟ್ಟಕ್ಕೆ ಹೋಗಲೇಬೇಕಾದರೆ ಛಾವಣಿ ಒಡೆದು ಮೇಲೆ ಬರುವ ಸಾಧನ ಕೈಯಲ್ಲಿರಲಿ, ಬಿಳಿ ಬಟ್ಟೆಯೂ ಇರಲಿ, ಹೆಲಿಕಾಪ್ಟರಿಗೆ ಕಾಣುವುದು ಅದೇ.

ನೀರು ಎಲ್ಲಿಂದ ಬರುತ್ತದೆ ಎಂಬುದು ಬಡಾವಣೆಯಿಂದ ಬಡಾವಣೆಗೆ ಬೇರೆ. ಮೇಯರ್‌ಲ್ಯಾಂಡ್‌ನಲ್ಲಿ ಬ್ರೇಸ್ ಬಾಯೂ ಉಕ್ಕಿ 2015, 2016, 2017 ಮೂರು ವರ್ಷವೂ ಮನೆಗಳಿಗೆ ನುಗ್ಗಿತು. ಪಶ್ಚಿಮದ ಕೇಟಿ ಕಡೆಯ ಕಥೆ ಬೇರೆ. ಅಲ್ಲಿ 1929 ಮತ್ತು 1935ರ ಪ್ರವಾಹಗಳ ನಂತರ ಡೌನ್‌ಟೌನ್ ರಕ್ಷಣೆಗೆಂದು 1940ರ ದಶಕದಲ್ಲಿ ಸೇನೆಯ ಎಂಜಿನಿಯರುಗಳು ಕಟ್ಟಿದ ಆಡಿಕ್ಸ್, ಬಾರ್ಕರ್ ಎಂಬ ಎರಡು ಜಲಾಶಯಗಳಿವೆ. ಮಳೆಯಿಲ್ಲದಾಗ ಅವು ಒಣ ಮೈದಾನ, ಪಾರ್ಕು. ತುಂಬಿದಾಗ ನೀರು ಹಿಂದಕ್ಕೆ ಎಲ್ಲಿಯವರೆಗೆ ಹರಡುತ್ತದೋ ಅಷ್ಟೂ ಜಾಗವನ್ನು ಸರ್ಕಾರ ಕೊಂಡಿರಲಿಲ್ಲ, ಉಳಿದ ಅಂಚಿನಲ್ಲಿ ಬಡಾವಣೆಗಳು ಎದ್ದವು. ಹಾರ್ವಿಯಲ್ಲಿ ಆ ಮನೆಗಳು ಜಲಾಶಯದ ಒಳಗೇ ಆದವು. ಆಗಸ್ಟ್ 28ರ ನಸುಕಿನಲ್ಲಿ ಗೇಟು ತೆರೆದಾಗ ಕೆಳಗಿನ ಬಫಲೋ ಬಾಯೂ ದಂಡೆಯ ಮನೆಗಳೂ ಮುಳುಗಿದವು, ಅದೂ ಮಳೆ ತಗ್ಗಿ ಬಿಸಿಲು ಬಂದ ಮೇಲೂ ದಿನಗಟ್ಟಲೆ. ಮೇಲ್ಭಾಗದವರು ಹೂಡಿದ ಮೊಕದ್ದಮೆಯಲ್ಲಿ 2019ರ ಡಿಸೆಂಬರಿನಲ್ಲಿ ಫೆಡರಲ್ ನ್ಯಾಯಾಲಯ ಸರ್ಕಾರವೇ ಹೊಣೆ ಎಂದಿತು. ಕೇಟಿ ಕಡೆ ಮನೆ ಕೊಳ್ಳುವವರು ಶಾಲೆಯ ರೇಟಿಂಗ್ ನೋಡುವ ಮುತುವರ್ಜಿಯಲ್ಲೇ ಜಲಾಶಯದ ನಕ್ಷೆಯನ್ನೂ ನೋಡಬೇಕು.

ಸಿಯೆನ್ನಾದಂಥ ಫೋರ್ಟ್ ಬೆಂಡ್ ಬಡಾವಣೆಗಳಿಗೆ ಸುತ್ತ ಮಣ್ಣಿನ ಏರಿ ಇದೆ. ಏರಿ ನದಿಯನ್ನು ಹೊರಗೆ ತಡೆಯುತ್ತದೆ, ಒಳಗೆ ಬಿದ್ದ ಮಳೆಯನ್ನು ಗೇಟಿನ ಮೂಲಕ ನದಿಗೆ ಬಿಡುತ್ತದೆ. ನದಿ ಗೇಟಿಗಿಂತ ಮೇಲೆ ಬಂದರೆ ಗೇಟು ಮುಚ್ಚಲೇಬೇಕು, ಇಲ್ಲವಾದರೆ ನದಿಯೇ ಒಳಗೆ ಬರುತ್ತದೆ. ಮುಚ್ಚಿದ ಮೇಲೆ ಒಳಗಿನ ಮಳೆಗೆ ಪಂಪೊಂದೇ ಗತಿ, ಪಂಪು ಎತ್ತುವುದಕ್ಕಿಂತ ಜೋರಾಗಿ ಮಳೆ ಬಂದರೆ ಏರಿ ಗಟ್ಟಿಯಿದ್ದೂ ಮನೆ ಮುಳುಗುತ್ತದೆ. ರಿಚ್ಮಂಡ್‌ನಲ್ಲಿ ಬ್ರಾಜೋಸ್ 59 ಅಡಿ ಮುಟ್ಟಬಹುದು ಎಂದು ಮುನ್ಸೂಚನೆ ಇತ್ತು, ಕೊನೆಗೆ 55 ಅಡಿ ದಾಟಿ ದಾಖಲೆ ಮಾಡಿ ನಿಂತಿತು. ನಾಲ್ಕು ಅಡಿ ಕಡಿಮೆಯಾಯಿತೆಂದು ಖಾಲಿ ಮಾಡಿಸಿದ್ದು ವ್ಯರ್ಥ ಎನ್ನುವುದು ತಪ್ಪು. ಏರಿ ಒಡೆದ ಮೇಲೆ ಹೊರಡಲು ಸಮಯ ಸಿಗುವುದಿಲ್ಲ.

ಹೊರಡುವುದಾದರೆ ಹಗಲಲ್ಲಿ, ರಸ್ತೆ ಕಾಣುವಾಗ. ಹರಿಯುವ ನೀರು 15 ಸೆಂಟಿಮೀಟರ್ ಇದ್ದರೆ ಮನುಷ್ಯ ಜಾರಿಬೀಳುತ್ತಾನೆ, 30 ಇದ್ದರೆ ಸಣ್ಣ ಕಾರು ತೇಲುತ್ತದೆ, 60 ಆದರೆ ದೊಡ್ಡ ಎಸ್‌ಯುವಿಯನ್ನೂ ಎಳೆದೊಯ್ಯುತ್ತದೆ. ಹ್ಯೂಸ್ಟನ್‌ನ ಫ್ರೀವೇ ಅಂಡರ್‌ಪಾಸುಗಳಲ್ಲಿ ನೀರು ಎಷ್ಟು ಆಳ ಎಂದು ಮೇಲಿಂದ ಗೊತ್ತಾಗುವುದಿಲ್ಲ. ನೆರೆನೀರಲ್ಲಿ ಕಾಲಿಡಲೇಬೇಕಾದರೆ ಉದ್ದ ಬೂಟು, ಕೈಯಲ್ಲಿ ಕೋಲು. ಮುಚ್ಚಳ ಕಿತ್ತ ಮ್ಯಾನ್‌ಹೋಲು ಕೋಲಿಗೆ ಮಾತ್ರ ಸಿಗುತ್ತದೆ. ನೀರ ಮೇಲೆ ಕಂದು ಬಣ್ಣದ ಚಾಪೆಯಂತೆ ತೇಲಿಬರುವುದು ಕೆಂಜಿಗೆ ಇರುವೆಗಳ ಗುಂಪು. ಮುಟ್ಟಿದರೆ ಮೈಗೆಲ್ಲ ಹತ್ತಿ ಕಚ್ಚುತ್ತವೆ, ನೀರಲ್ಲಿ ಮುಳುಗಿದರೂ ಬಿಡುವುದಿಲ್ಲ, ಕೈಯಿಂದ ಉಜ್ಜಿಯೇ ತೆಗೆಯಬೇಕು. ಆ ನೀರಲ್ಲಿ ಚರಂಡಿಯೂ ಸೇರಿರುತ್ತದೆ. ಸಣ್ಣ ಗಾಯಕ್ಕೂ ಸೋಪಿನ ನೀರು, ಟೆಟನಸ್ ಚುಚ್ಚುಮದ್ದು ತೆಗೆದುಕೊಂಡು ಐದು ವರ್ಷ ಮೀರಿದ್ದರೆ ಇನ್ನೊಂದು. ಗಾಯದ ಸುತ್ತ ಕೆಂಪು ಹರಡುತ್ತಿದ್ದರೆ, ಕಾಣುವ ಗಾಯಕ್ಕಿಂತ ನೋವು ಹೆಚ್ಚಿದ್ದರೆ ಕಾಯದೆ ಆಸ್ಪತ್ರೆಗೆ ಹೋಗಿ.

ಮನೆಯಲ್ಲೇ ಉಳಿದವರಿಗೆ ಕರೆಂಟು, ಕುಡಿಯುವ ನೀರು ಎರಡೇ ಚಿಂತೆ. ಬ್ರೇಕರ್ ಪೆಟ್ಟಿಗೆಗೆ ಒಣ ನೆಲದಲ್ಲಿ ನಡೆದು ಹೋಗುವಂತಿದ್ದರೆ ಮಾತ್ರ, ನೀರು ಪ್ಲಗ್‌ಗಳ ಮಟ್ಟಕ್ಕೆ ಬರುವ ಮೊದಲೇ ಮುಖ್ಯ ಸ್ವಿಚ್ ಇಳಿಸಿ. ನೀರಲ್ಲಿ ನಿಂತು ಅದನ್ನು ಮುಟ್ಟುವುದಕ್ಕಿಂತ ಹಾಗೇ ಬಿಟ್ಟು ಮಹಡಿ ಹತ್ತುವುದು ಮೇಲು. ಜನರೇಟರ್ ಮನೆಯಿಂದ ಕನಿಷ್ಠ 6 ಮೀಟರ್ ದೂರದಲ್ಲಿ, ಹೊಗೆ ಕಿಟಕಿಯ ಕಡೆ ಬರದಂತೆ. ಮಳೆಗೆ ನೆನೆಯುತ್ತದೆಂದು ಗ್ಯಾರೇಜಿಗೆ ಎಳೆದು ಬಾಗಿಲು ಅರ್ಧ ತೆರೆದಿಟ್ಟವರು ಮಲಗಿದಲ್ಲೇ ಸಾಯುತ್ತಾರೆ, ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ. ಗೋಡೆಯ ಪ್ಲಗ್ಗಿಗೇ ಜನರೇಟರ್ ಸಿಕ್ಕಿಸುವುದಂತೂ ಕೂಡದು. ಆ ವಿದ್ಯುತ್ತು ಟ್ರಾನ್ಸ್‌ಫಾರ್ಮರಿಗೆ ಹಿಂದಕ್ಕೆ ಹರಿದು, ತಂತಿ ಸರಿಪಡಿಸುತ್ತಿರುವ ಲೈನ್‌ಮ್ಯಾನ್ ಜೀವ ತೆಗೆಯುತ್ತದೆ.

ನಲ್ಲಿ ನೀರನ್ನು ನಂಬಬೇಡಿ. ನೆಚಸ್ ನದಿ ಪಂಪುಗಳನ್ನು ಮುಳುಗಿಸಿ ಬ್ಯೂಮಾಂಟ್ ನಗರಕ್ಕೆ ಆಗಸ್ಟ್ 31ರಂದು ನೀರೇ ನಿಂತುಹೋಗಿತ್ತು. ಕುದಿಸಿ ಕುಡಿಯಿರಿ ಎಂಬ ಸೂಚನೆ ಇದ್ದರೆ ಚೆನ್ನಾಗಿ ಒಂದು ನಿಮಿಷ ಕುದಿಯಬೇಕು. ಒಲೆ ಇಲ್ಲವಾದರೆ ವಾಸನೆ ಬೆರೆಸದ ಸಾದಾ ಬ್ಲೀಚ್, 6 ಶೇಕಡದ್ದು, ಲೀಟರಿಗೆ ಎರಡು ಹನಿ ಹಾಕಿ ಅರ್ಧ ಗಂಟೆ ಬಿಡಿ. ಫ್ರಿಜ್ ಬಾಗಿಲು ತೆರೆಯದಿದ್ದರೆ ನಾಲ್ಕು ಗಂಟೆ ತಂಪು, ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24.

ಅಡುಗೆಮನೆಗೆ ನೀರು ನುಗ್ಗಿದ್ದರೆ ನಮ್ಮ ಸ್ಟೀಲ್ ಡಬ್ಬಗಳು ಉಳಿಯುತ್ತವೆ, ಒಳಗಿನ ಬೇಳೆ ಉಳಿಯುವುದಿಲ್ಲ. ಒತ್ತುವ ಮುಚ್ಚಳವಾಗಲಿ ತಿರುಪು ಮುಚ್ಚಳವಾಗಲಿ ನೆರೆನೀರನ್ನು ತಡೆಯದು, ಒಣಗಿದಂತೆ ಕಂಡರೂ ಚೆಲ್ಲಬೇಕು. ಡಬ್ಬವನ್ನು ಸೋಪಿನಲ್ಲಿ ತೊಳೆದು ಕುದಿಯುವ ನೀರಲ್ಲಿ ಅದ್ದಿದರೆ ಆಯಿತು. ಮರದ ಚಪಾತಿ ಮಣೆ, ಲಟ್ಟಣಿಗೆ, ತರಕಾರಿ ಹೆಚ್ಚುವ ಹಲಗೆ, ಕುಕ್ಕರಿನ ಗ್ಯಾಸ್ಕೆಟ್ ಎಲ್ಲ ಕಸಕ್ಕೆ. ಮರದ ಸೂಕ್ಷ್ಮ ರಂಧ್ರಗಳಿಂದ ಚರಂಡಿ ನೀರನ್ನು ತೆಗೆಯುವ ಉಪಾಯ ಇಲ್ಲ. ಅಜ್ಜಿ ಕೊಟ್ಟ ಮಣೆ ಎಂದು ಮನಸ್ಸು ಒಪ್ಪದಿದ್ದರೆ ಒಣಗಿಸಿ ಗೋಡೆಗೆ ತೂಗುಹಾಕಿ, ಅಡುಗೆಗೆ ಬೇಡ.

ನೀರು ಇಳಿದ ಮೇಲಿನ ಮೊದಲ ಎರಡು ದಿನ ಮನೆಯ ಹಣೆಬರಹ ಬರೆಯುತ್ತವೆ. 24ರಿಂದ 48 ಗಂಟೆಯೊಳಗೆ ಬೂಷ್ಟು ಹಿಡಿಯಲು ಶುರು. ಹೊರಗಿನಿಂದ ಇಟ್ಟಿಗೆ ಮನೆಯಂತೆ ಕಂಡರೂ ಅಲ್ಲಿನ ಇಟ್ಟಿಗೆ ಬರೀ ಹೊದಿಕೆ. ಅದರ ಬುಡದಲ್ಲಿ ಎರಡು ಮೂರು ಅಡಿಗೊಂದರಂತೆ, ಇಟ್ಟಿಗೆಗಳ ನಡುವೆ ಬೇಕೆಂದೇ ಗಾರೆ ತುಂಬದೆ ಬಿಟ್ಟ ಸಂದುಗಳಿರುತ್ತವೆ, ಗೋಡೆಯೊಳಗಿನ ತೇವ ಹೊರಹೋಗಲೆಂದು. ಪ್ರವಾಹದಲ್ಲಿ ಅದೇ ಸಂದಿನಿಂದ ನೀರು ಒಳಬರುತ್ತದೆ. ಬಾಗಿಲಿಗೆ ಮರಳಿನ ಮೂಟೆ ಪೇರಿಸಿ ಕುಳಿತವರ ಹಾಲ್‌ನಲ್ಲಿ, ಸೋಫಾ ಹಿಂದಿನ ಗೋಡೆಯ ಬುಡದಿಂದ ನೀರು ಹಬ್ಬುವುದು ಹೀಗೆ. ಇಟ್ಟಿಗೆಯ ಹಿಂದೆ ಮರದ ಸ್ಟಡ್‌ಗಳು, ಅಂದರೆ ಗೋಡೆಯನ್ನು ಹೊರುವ ನಿಲುವು ಪಟ್ಟಿಗಳು, ಅವುಗಳ ನಡುವೆ ಬಿಸಿ ತಡೆಯುವ ಗಾಜಿನ ನಾರಿನ ಇನ್ಸುಲೇಷನ್, ಒಳಮೈಗೆ ಅರ್ಧ ಇಂಚಿನ ಶೀಟ್‌ರಾಕ್, ಅಂದರೆ ಜಿಪ್ಸಮ್ ಹಲಗೆ. ಶೀಟ್‌ರಾಕ್ ನೀರನ್ನು ಹೀರಿ ಮೇಲಕ್ಕೆಳೆಯುತ್ತದೆ: ಹಾಲ್‌ನಲ್ಲಿ ಒಂದಡಿ ನೀರು ನಿಂತಿದ್ದರೆ ಗೋಡೆಯೊಳಗೆ ಎರಡು, ಮೂರು ಅಡಿಯವರೆಗೆ ತೇವ.

ಮೊದಲು ಫೋಟೋ. ನೀರಿನ ಗೆರೆ ಕಾಣುವಂತೆ, ಅಳತೆಪಟ್ಟಿ ಹಿಡಿದು, ಪ್ರತಿ ಕೋಣೆಯದು; ಫ್ರಿಜ್, ವಾಷರ್, ಎಸಿಗಳ ಸೀರಿಯಲ್ ನಂಬರಿನದು. ಕಾರ್ಪೆಟ್ಟಿನದೂ ಶೀಟ್‌ರಾಕ್‌ನದೂ ಒಂದೊಂದು ತುಂಡು ಎತ್ತಿಡಿ. ವಿಮೆಯವರು ಬರುವವರೆಗೆ ಕೈ ಹಚ್ಚಬಾರದು ಎಂದು ಕಾಯುವುದೇ ದೊಡ್ಡ ತಪ್ಪು. ಹಾನಿ ಹೆಚ್ಚದಂತೆ ನೋಡಿಕೊಳ್ಳುವುದು ಮನೆಯವರ ಹೊಣೆ ಎಂದು ಪಾಲಿಸಿಯಲ್ಲೇ ಇರುತ್ತದೆ.

ಆಮೇಲೆ ಗೋಡೆ ಕೊಯ್ಯುವ ಕೆಲಸ. ಎನ್95 ಮಾಸ್ಕ್, ಕನ್ನಡಕ, ಕೈಗವಸು. ಕರೆಂಟು ಪೂರ್ತಿ ಬಂದ್. ಶೀಟ್‌ರಾಕ್ ಹಲಗೆಯ ಅಗಲ 4 ಅಡಿ, ಅಡ್ಡಲಾಗಿ ಕೂರಿಸಿರುತ್ತಾರೆ. ಆದ್ದರಿಂದ ನೀರು ಎರಡಡಿಯೊಳಗಿದ್ದರೆ 4 ಅಡಿಗೆ ನೇರ ಗೆರೆ ಎಳೆದು ಕೊಯ್ದರೆ ಹೊಸ ಹಲಗೆ ಹಾಗೇ ಕೂರುತ್ತದೆ. ಗರಗಸದ ಅಲಗನ್ನು ಅರ್ಧ ಇಂಚಿಗೇ ನಿಲ್ಲಿಸಿ, ಹಿಂದೆ ತಂತಿ, ಕೊಳವೆ ಇವೆ. ನೆಂದ ಇನ್ಸುಲೇಷನ್ ಪೂರ್ತಿ ಕೀಳಿ. ಮರದ ಪುಡಿ ಒತ್ತಿ ಮಾಡಿದ ಕ್ಯಾಬಿನೆಟ್ಟುಗಳು ಉಬ್ಬಿಹೋಗಿರುತ್ತವೆ, ಅವುಗಳ ಹಿಂದಿನ ಗೋಡೆಯೂ ನೆಂದಿರುತ್ತದೆ. ಕೌಂಟರ್ ಉಳಿಸುವ ಆಸೆಗೆ ಅದನ್ನು ಬಿಟ್ಟವರ ಅಡುಗೆಮನೆಯಿಂದಲೇ ಆರು ತಿಂಗಳ ಮೇಲೆ ಬೂಷ್ಟಿನ ವಾಸನೆ ಬರುವುದು. ಸ್ಟಡ್‌ಗಳನ್ನು ಸೋಪಿನ ನೀರಲ್ಲಿ ಬ್ರಷ್ ಹಾಕಿ ಉಜ್ಜಿ. ಬ್ಲೀಚ್ ಗಟ್ಟಿ ಮೇಲ್ಮೈಗಳಿಗೆ ಸರಿ, 4 ಲೀಟರ್ ನೀರಿಗೆ ಒಂದು ಕಪ್. ಮರದೊಳಗೆ ಅದು ಇಳಿಯುವುದಿಲ್ಲ. ಅಮೋನಿಯ ಇರುವ ಕ್ಲೀನರ್ ಜೊತೆ ಬೆರೆಸಿದರೆ ವಿಷದ ಹೊಗೆ.

ಒಣಗಿಸುವಾಗ ಊರಿನ ಅಭ್ಯಾಸದಂತೆ ಕಿಟಕಿ ಬಾಗಿಲು ತೆರೆದು ಫ್ಯಾನು ಹಾಕುತ್ತೇವೆ. ಸೆಪ್ಟೆಂಬರಿನ ಹ್ಯೂಸ್ಟನ್‌ನಲ್ಲಿ ಹೊರಗಿನ ಗಾಳಿಯೇ ಒದ್ದೆ. ಕರೆಂಟು ಬಂದ ಮೇಲೆ ಕಿಟಕಿ ಮುಚ್ಚಿ, ಗಾಳಿಯ ತೇವ ಹೀರುವ ಡಿಹ್ಯೂಮಿಡಿಫೈಯರ್ ಯಂತ್ರವನ್ನು ಹಗಲೂ ರಾತ್ರಿ ಓಡಿಸಿ, ಫ್ಯಾನುಗಳನ್ನು ಸ್ಟಡ್‌ಗಳ ಕಡೆ ತಿರುಗಿಸಿ. ಎರಡು ಮುಳ್ಳಿನ ತೇವಮಾಪಕ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಸ್ಟಡ್‌ಗಳ ಬುಡದಲ್ಲಿ, ಅವು ನಿಂತಿರುವ ಅಡ್ಡಪಟ್ಟಿಯಲ್ಲಿ ಚುಚ್ಚಿ ನೋಡಿ. 15 ಶೇಕಡಕ್ಕಿಂತ ಕೆಳಗಿಳಿಯುವವರೆಗೆ, ಅದು ವಾರಗಳೇ ಆಗಬಹುದು, ಹೊಸ ಶೀಟ್‌ರಾಕ್ ಹೊಡೆಯಬಾರದು. ಕಂಟ್ರಾಕ್ಟರ್ ಅವಸರಪಡಿಸಿದರೆ ಮಾಪಕದ ಅಂಕಿ ತೋರಿಸಿ. ಮುಳುಗಿದ ಬ್ರೇಕರ್, ಪ್ಲಗ್, ಗ್ಯಾಸ್ ಹೀಟರಿನ ವಾಲ್ವ್ ಒಣಗಿಸಿ ಬಳಸುವ ವಸ್ತುಗಳಲ್ಲ, ಬದಲಿಸಲೇಬೇಕು. ಮುಳುಗಿದ ಕಾರಿನ ಕೀ ತಿರುಗಿಸಿ ನೋಡಬೇಡಿ, ಸಿಲಿಂಡರಿಗೆ ನೀರು ಹೋಗಿದ್ದರೆ ಎಂಜಿನ್ ಒಡೆಯುತ್ತದೆ.

ಕೊನೆಗೆ ಕಾಗದದ ಕೆಲಸ. ಸುಂಟರಗಾಳಿ ಛಾವಣಿ ಕಿತ್ತು ಮಳೆ ಒಳಬಂದರೆ ಮನೆಯ ಸಾಮಾನ್ಯ ವಿಮೆ ಕೊಡುತ್ತದೆ. ನೆಲದಿಂದ ಏರಿಬಂದ ನೀರಿಗೆ ಕೊಡುವುದಿಲ್ಲ. ಅದಕ್ಕೆ ಬೇರೆಯೇ ಪ್ರವಾಹ ವಿಮೆ ಬೇಕು. ರಾಷ್ಟ್ರೀಯ ಯೋಜನೆಯಲ್ಲಿ ಕಟ್ಟಡಕ್ಕೆ 2,50,000 ಡಾಲರ್, ಸಾಮಾನಿಗೆ 1,00,000 ಡಾಲರ್ ಮಿತಿ, ಸಾಮಾನಿನದು ಪ್ರತ್ಯೇಕವಾಗಿ ಕೇಳಿ ಕೊಳ್ಳಬೇಕು. ಕೊಂಡ 30 ದಿನದ ನಂತರವೇ ಜಾರಿ, ಕೊಲ್ಲಿಯಲ್ಲಿ ಚಂಡಮಾರುತ ಕಂಡಾಗ ಕೊಂಡು ಉಪಯೋಗವಿಲ್ಲ. ಬಾಡಿಗೆದಾರರೂ ಸಾಮಾನಿಗೆ ಮಾತ್ರ ಕೊಳ್ಳಬಹುದು. ನಮ್ಮ ಮನೆ ಪ್ರವಾಹ ವಲಯದಲ್ಲಿಲ್ಲ ಎಂಬ ಮಾತಿಗೆ ಹ್ಯಾರಿಸ್ ಕೌಂಟಿಯ ಲೆಕ್ಕವೇ ಉತ್ತರ: ಹಾರ್ವಿಯಲ್ಲಿ ನೀರು ನುಗ್ಗಿದ ಸುಮಾರು 1,54,000 ಮನೆಗಳಲ್ಲಿ ಮೂರನೇ ಎರಡು ಭಾಗ ನೂರು ವರ್ಷದ ಪ್ರವಾಹ ವಲಯದ (ಯಾವುದೇ ವರ್ಷ ಪ್ರವಾಹದ ಸಾಧ್ಯತೆ ನೂರಕ್ಕೆ ಒಂದರಷ್ಟಿರುವ ಜಾಗದ) ಹೊರಗಿದ್ದವು.

ಎಚ್-1ಬಿ ಮೇಲಿರುವ ಮನೆಗಳಿಗೆ ಒಂದು ಮಾತು. ಆಶ್ರಯ, ಊಟ, ತುರ್ತು ಚಿಕಿತ್ಸೆಗೆ ವೀಸಾ ಕೇಳುವುದಿಲ್ಲ, ಸಂಕೋಚ ಬೇಡ. ವಿಪತ್ತು ನೆರವಿನ ಕೇಂದ್ರ ಸರ್ಕಾರಿ ಸಂಸ್ಥೆಯಾದ ಫೆಮಾದ ನಗದು ನೆರವು ಮಾತ್ರ ಪೌರರಿಗೆ, ಗ್ರೀನ್ ಕಾರ್ಡಿನವರಿಗೆ ಮತ್ತು ಕಾನೂನು ಹೆಸರಿಸಿದ ಕೆಲವು ವರ್ಗಗಳಿಗೆ. ಎಚ್-1ಬಿ ಅದರಲ್ಲಿ ಸೇರಿಲ್ಲ. ಆದರೆ ಮನೆಯಲ್ಲಿ ಅಮೆರಿಕದಲ್ಲೇ ಹುಟ್ಟಿದ ಮಗು ಇದ್ದರೆ, ಆ ಮಗುವಿನ ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆಯ ಮೇಲೆ ಇಡೀ ಮನೆಯ ಪರವಾಗಿ ತಂದೆ ಅಥವಾ ತಾಯಿ ಅರ್ಜಿ ಹಾಕಬಹುದು. ಇದು ಗೊತ್ತಿಲ್ಲದೆ ಸುಮ್ಮನಿದ್ದುಬಿಡುವ ಮನೆಗಳ ಬಗ್ಗೆ ನಿಜಕ್ಕೂ ಸಂಕಟವಾಗುತ್ತದೆ. ಪಾಸ್‌ಪೋರ್ಟ್, ಐ-797 (ವೀಸಾ ಮಂಜೂರಾತಿ ಪತ್ರ), ಮಕ್ಕಳ ಜನನಪತ್ರ, ಊರಿನ ವಿಶ್ವವಿದ್ಯಾಲಯದ ಮಾರ್ಕ್ಸ್ ಕಾರ್ಡುಗಳನ್ನು ಎರಡು ಜಿಪ್ ಚೀಲಗಳೊಳಗೆ ಹಾಕಿ ಮಹಡಿಯಲ್ಲಿಡಿ. ನೆಂದೇಬಿಟ್ಟರೆ ಹಾಳೆಗಳನ್ನು ಬಿಡಿಸಲು ಹೋಗಬೇಡಿ. ಶುದ್ಧ ನೀರಲ್ಲಿ ಅದ್ದಿ ತೆಗೆದು, ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿಡಿ. ಹೆಪ್ಪುಗಟ್ಟಿದ ಕಾಗದಕ್ಕೆ ಬೂಷ್ಟು ಹಿಡಿಯದು, ಪುರುಸೊತ್ತಾದಾಗ ಒಂದೊಂದಾಗಿ ಕರಗಿಸಿ ಒಣಗಿಸಬಹುದು.

ಫೆಮಾದಿಂದ ಬರುವ ಮೊದಲ ಪತ್ರದಲ್ಲಿ ‘ಅರ್ಹರಲ್ಲ’ ಎಂದಿದ್ದರೆ ಅಲ್ಲಿಗೇ ಬಿಡಬೇಡಿ. ಎಷ್ಟೋ ಸಲ ಅದರರ್ಥ ಒಂದು ಕಾಗದ ಕಡಿಮೆ ಇದೆ ಎಂದು ಮಾತ್ರ: ವಿಮೆಯವರ ನಿರಾಕರಣೆ ಪತ್ರ, ಬಾಡಿಗೆ ಕರಾರು, ವಿಳಾಸ ತೋರಿಸುವ ವಿದ್ಯುತ್ ಬಿಲ್ಲು. ಪತ್ರದ ತಾರೀಖಿನಿಂದ 60 ದಿನದೊಳಗೆ ಮೇಲ್ಮನವಿ ಹಾಕಬೇಕು. ಕಳಿಸುವ ಪ್ರತಿ ಪುಟದ ಮೇಲೂ ನಿಮ್ಮ ಅರ್ಜಿ ಸಂಖ್ಯೆ, ವಿಪತ್ತಿನ ಸಂಖ್ಯೆ ಎರಡನ್ನೂ ಬರೆಯಿರಿ. ಹಾರ್ವಿಗೆ ಟೆಕ್ಸಸ್‌ನಲ್ಲಿ ಆ ಸಂಖ್ಯೆ 4332 ಆಗಿತ್ತು; ಪ್ರತಿ ವಿಪತ್ತಿಗೂ ಹೊಸದೊಂದು ಇರುತ್ತದೆ, ನಿಮ್ಮ ಪತ್ರದಲ್ಲೇ ಅಚ್ಚಾಗಿರುತ್ತದೆ.